ಬಾಗಿಲ ಬಳಿಯ ಸೋರಿಕೆ

ನಮ್ಮೂರಲ್ಲಿ ಮಳೆ ಸುರಿಯುವಾಗ ವಿಮಾನ ನಿಲ್ದಾಣದ ಛಾವಣಿ ಒಂದು ಹನಿಯೂ ಸೋರುವುದಿಲ್ಲ. ಸೋರುವುದೆಲ್ಲ ಬಿಸಿಲಿನ ದಿನಗಳಲ್ಲಿ. ಹಾಗಾಗಿ ಛಾವಣಿ ಪರೀಕ್ಷೆಗೆಂದು ಮಳೆಗಾಲದಲ್ಲಿ ಬರುತ್ತಿದ್ದ ಎಂಜಿನಿಯರುಗಳು ಕೊಡೆ ಮಡಚಿ ಮೂಲೆಗಿಟ್ಟು, ಕುತ್ತಿಗೆ ನೋಯುವ ತನಕ ಮೇಲೆ ನೋಡಿ, ‘ಸೋರಿಕೆ ಕಂಡುಬಂದಿಲ್ಲ’ ಎಂದು ಬರೆದು, ದಸ್ತಗೀರನ ಅಂಗಡಿಯಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ಮೂವತ್ತು ವರ್ಷ ಹೀಗೇ ನಡೆಯಿತು, ನಮಗೂ ಅದೇ ಬೇಕಾಗಿತ್ತು.

ಸೋರುವ ನೀರು ನಮ್ಮೂರಿನದಲ್ಲ. ಇಲ್ಲಿಂದ ವಿಮಾನ ಹತ್ತಿ ಹೋದ ನಮ್ಮವರು ಈಗ ಯಾವ ಊರಲ್ಲಿದ್ದಾರೋ ಆ ಊರಲ್ಲಿ ಮಳೆ ಬಂದಾಗ, ಹೊರಡುವ ಮುಂಚೆ ಅವರು ಕೊನೆಗೆ ಕಾಯುತ್ತಿದ್ದ ಜಾಗದ ಮೇಲೆ ಛಾವಣಿ ತೊಟ್ಟಿಕ್ಕುತ್ತದೆ. ಹೋದವರ ಪತ್ರ ನಮ್ಮೂರಿಗೆ ತಲುಪುವುದಿಲ್ಲ, ಫೋನು ಹತ್ತುವುದಿಲ್ಲ. ಬರುವುದು ಮಳೆಯೊಂದೇ. ಅದಕ್ಕೇ ಮನೆಯವರನ್ನು ಕಳಿಸಲು ಬಂದಾಗ ಜಾಗದ ವಿಷಯದಲ್ಲಿ ನಾವು ಬಹಳ ಹುಷಾರು. ಸ್ವಿಚ್‌ಬೋರ್ಡಿನ ಕೆಳಗೆ ಯಾರನ್ನೂ ಕೂರಿಸುವುದಿಲ್ಲ. ಬಕೆಟ್ಟು ಇಡಲು ಅನುಕೂಲವಾದ ಕುರ್ಚಿ ನೋಡಿ ಕೂರಿಸಿ, ‘ಕರೆಯೋ ತನಕ ಏಳ್ಬೇಡ’ ಎಂದು ಆಣೆ ಹಾಕಿಸಿಕೊಳ್ಳುತ್ತೇವೆ. ಆಮೇಲೆ ಆ ಜಾಗದಲ್ಲಿ ಹೆಸರು ಬರೆದ ಬಕೆಟ್ಟು ಇಡುತ್ತೇವೆ. ಹೋದವರು ಮರಳಿ ಬಂದರೆ ಅದೇ ಬಕೆಟ್ಟಿನ ನೀರನ್ನು ಅವರ ಪಾದಕ್ಕೆ ಹಾಕಿ ಒಳಗೆ ಕರೆದುಕೊಳ್ಳುವುದು ನಮ್ಮಲ್ಲಿ ಪದ್ಧತಿ.

ಹೊರಗಿನವರಿಗೆ ಇದೆಲ್ಲ ಗೊತ್ತಿಲ್ಲ. ಬೇರೆಲ್ಲಿಗೋ ಹೋಗುವ ದಾರಿಯಲ್ಲಿ ವಿಮಾನ ಬದಲಿಸಲು ಇಲ್ಲಿ ಇಳಿಯುವವರಿಗೆ ನಮ್ಮ ನಿಲ್ದಾಣವೆಂದರೆ ನರಕ. ಟ್ರಾಲಿಯ ಒಂದು ಚಕ್ರ ಸದಾ ಬೇರೆ ದಿಕ್ಕಿಗೆ ಎಳೆಯುತ್ತದೆ. ಲಗೇಜಿನ ಬೆಲ್ಟು ಹೊರಡಬೇಕಾದರೆ ಯಾರಾದರೂ ಅದರ ಪಕ್ಕೆಗೆ ಒದೆಯಬೇಕು. ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕದ ಬದಲು ಒಂದು ದಾರ, ಒಳಗಿರುವವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು. ಮೈಕಿನಲ್ಲಿ ಹೇಳುವುದು ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳಿಸುತ್ತದೆ. ಕುರ್ಚಿಗಳ ಹೊಟ್ಟೆಯಿಂದ ಸ್ಪಂಜು ಹೊರಬಂದಿದೆ. ಇದೆಲ್ಲ ಸಾಲದೆಂಬಂತೆ, ಹೊರಗೆ ಸುಡುಬಿಸಿಲಿರುವಾಗ ಒಳಗೆ ತಲೆಯ ಮೇಲೆ ನೀರು. ಒಬ್ಬ ಯಜಮಾನರು ಕರವಸ್ತ್ರದಿಂದ ಬೋಳುತಲೆ ಒರೆಸಿಕೊಳ್ಳುತ್ತಾ ಕೇಳಿದ್ದರು: ‘ಏನಮ್ಮಾ, ಟಾಯ್ಲೆಟ್ಟಲ್ಲಿ ಕೈ ತೊಳೆಯೋಕೆ ನೀರಿಲ್ಲ, ಇಲ್ಲಿ ನೋಡಿದ್ರೆ ಸ್ನಾನಾನೇ ಮಾಡ್ಬಹುದು. ಪೈಪು ಏನಾದ್ರೂ ಅದಲುಬದಲಾಗಿದೆಯಾ?’ ನಾನು ನಕ್ಕು ನೆಲ ಒರೆಸಿದೆ. ಒರೆಸುವುದು ನನ್ನ ಕೆಲಸ.

ನನ್ನ ಹೆಸರು ದಾಕ್ಷಾಯಿಣಿ. ಐದು ವರ್ಷದಿಂದ ಇಲ್ಲಿದ್ದೇನೆ. ಬೆಳಿಗ್ಗೆ ಆರಕ್ಕೆ ಬಂದರೆ ಮೂರಕ್ಕೆ ಬಿಡುಗಡೆ, ಆಮೇಲೆ ಮನೆಯಲ್ಲಿ ಸೀರೆಗಳಿಗೆ ಫಾಲ್ಸ್ ಹಚ್ಚುವ ಕೆಲಸ. ಎಂಟು ವರ್ಷದ ಮಗಳಿದ್ದಾಳೆ, ಇಂಪನಾ. ಶಾಲೆ ಬಿಟ್ಟ ಮೇಲೆ ಅವಳು ಸೂಜಿಗೆ ದಾರ ಪೋಣಿಸಿ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಾಳೆ, ನನ್ನ ಕಣ್ಣು ಈಗ ಅಷ್ಟು ಸೂಕ್ಷ್ಮ ಹಿಡಿಯುವುದಿಲ್ಲ.

ನನ್ನ ಗಂಡ ಮುರಿಗೇಶ ಬೋರ್ಡು ಬರೆಯುವವರು. ನಿಲ್ದಾಣದ ಬಕೆಟ್ಟುಗಳ ಮೇಲಿನ ಹೆಸರುಗಳಲ್ಲಿ ಅರ್ಧಕ್ಕರ್ಧ ಅವರ ಕೈಬರಹವೇ. ಊರಲ್ಲಿ ಬೋರ್ಡು ಬರೆಸುವವರು ಕಡಿಮೆಯಾದಾಗ, ಹೊರಗೆಲ್ಲೋ ಬಣ್ಣದ ಕೆಲಸವಿದೆ ಎಂದು ಆರು ವರ್ಷದ ಹಿಂದೆ ಹೊರಟರು. ಹೊರಡುವ ಹಿಂದಿನ ದಿನ ಒಂದು ನೀಲಿ ಬಕೆಟ್ಟು ತಂದು ತಮ್ಮ ಹೆಸರನ್ನು ತಾವೇ ಬರೆದುಕೊಂಡರು. ‘ಸತ್ತೋರ ಹೆಸರು ಬರೆದಂಗೆ ಎಷ್ಟು ನೀಟಾಗಿ ಬರೀತಿದೀರಲ್ಲ’ ಎಂದೆ. ‘ಸತ್ತೋರಿಗೆ ಕಪ್ಪು ಕಣೇ. ಇದು ಕೆಂಪು’ ಎಂದರು.

ಅವರನ್ನು ಕೂರಿಸಿದ್ದು ನಾಲ್ಕನೇ ಸಾಲಿನ ಮೂರನೇ ಕುರ್ಚಿಯಲ್ಲಿ. ಕೂರಿಸಿದ ಮೇಲೆ ಮನೆಯವರು ಗಾಜಿನ ಬಾಗಿಲಿನ ಹೊರಗೆ ಬಂದು ನಿಲ್ಲಬೇಕು. ನಾನು ಎರಡು ವರ್ಷದ ಇಂಪನಾಳನ್ನು ಸೊಂಟದ ಮೇಲಿಟ್ಟುಕೊಂಡು ಗಾಜಿನ ಹೊರಗೆ ನಿಂತು ಕೈಯಾಡಿಸುತ್ತಿದ್ದೆ. ಅಷ್ಟರಲ್ಲಿ ಮಗು ಗಲೀಜು ಮಾಡಿಕೊಂಡಿತು. ಒಂದೇ ನಿಮಿಷ ಎಂದು ಸನ್ನೆ ಮಾಡಿ ಶೌಚಾಲಯಕ್ಕೆ ಓಡಿದೆ. ಅಲ್ಲಿ ನಲ್ಲಿಯಲ್ಲಿ ನೀರಿಲ್ಲ. ಪಕ್ಕದ ಕೋಣೆಯಲ್ಲಿದ್ದ ಒಬ್ಬಾಕೆ ತನ್ನ ನೀರಿನ ಬಾಟಲಿಯನ್ನು ನಡುವಿನ ಅಡ್ಡಗೋಡೆಯ ಕೆಳಗಿಂದ ತಳ್ಳಿದಳು. ಅರ್ಧ ತೊಳೆದು, ಅರ್ಧ ನನ್ನ ಸೆರಗಿನಲ್ಲೇ ಒರೆಸಿ, ಹೊರಗೆ ಬಂದಾಗ ಕುರ್ಚಿ ಖಾಲಿಯಾಗಿತ್ತು. ವಿಮಾನದ ಸದ್ದು ಆಗಲೇ ಛಾವಣಿಯ ಮೇಲಿತ್ತು. ಒಂದು ನಿಮಿಷ ನಮ್ಮನ್ನು ಕಾಯಲಿಲ್ಲವಲ್ಲ, ಒಂದು ಸಲ ತಿರುಗಿ ನೋಡಿ ಹೋಗಬಾರದಿತ್ತೇ ಎಂದು ಆವತ್ತಿನಿಂದ ನನ್ನೊಳಗೇ ಕೇಳಿಕೊಳ್ಳುತ್ತಿದ್ದೆ. ಬೇರೆ ಯಾರಿಗೂ ಹೇಳಲಿಲ್ಲ.

ಹದಿನೇಳು ದಿನದ ಮೇಲೆ ಆ ಕುರ್ಚಿಯ ಮೇಲೆ ಮೊದಲ ಹನಿ ಬಿತ್ತು. ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ. ಉಪ್ಪುಪ್ಪು. ಜೊತೆಗೆ ಒಣಮೀನಿನ ವಾಸನೆ, ಸ್ವಲ್ಪ ಡೀಸೆಲ್. ಸಮುದ್ರದ ಊರು ಎಂದುಕೊಂಡೆ. ಸಮುದ್ರವಿದ್ದರೆ ಹಡಗಿರುತ್ತದೆ, ಹಡಗಿದ್ದರೆ ಅದಕ್ಕೆ ಬಣ್ಣ ಬಳಿಯಬೇಕು, ಹೆಸರು ಬರೆಯಬೇಕು. ಹೀಗೆ ಒಂದೊಂದಾಗಿ ಕಟ್ಟಿಕೊಂಡು ಮಗಳಿಗೆ ಹೇಳಿದೆ. ಅವಳು ಬಳಪ ಹಿಡಿಯಲು ಕಲಿತ ದಿನದಿಂದ ಹಡಗನ್ನೇ ಬಿಡಿಸಿದ್ದಾಳೆ, ಪ್ರತಿ ಹಡಗಿನ ಪಕ್ಕದಲ್ಲೂ ಏಣಿಯ ಮೇಲೆ ಒಬ್ಬ ಅಪ್ಪ. ಹುಟ್ಟುಹಬ್ಬದ ದಿನ ಆ ಬಕೆಟ್ಟಿನಿಂದ ಒಂದು ಮಗ್ ನೀರು ತಲೆಗೆ ಹಾಕುತ್ತಿದ್ದೆ. ಕೂದಲು ಅಂಟಂಟಾದರೂ ಎರಡು ದಿನ ತೊಳೆಯಲು ಬಿಡುತ್ತಿರಲಿಲ್ಲ.

ನಿಲ್ದಾಣದಲ್ಲಿ ಯಾರದೂ ಅಲ್ಲದ ಒಂದು ಸೋರಿಕೆಯೂ ಇತ್ತು. ಗಾಜಿನ ಬಾಗಿಲಿನ ಒಳಮಗ್ಗುಲಲ್ಲಿ, ಬಾಗಿಲು ತೆರೆದಾಗ ಅದರ ಒಂದು ರೆಕ್ಕೆ ಬಂದು ನಿಲ್ಲುವ ಜಾಗದಲ್ಲೇ. ಅಲ್ಲಿ ಬಕೆಟ್ಟು ಇಟ್ಟರೆ ಬಾಗಿಲು ಬಡಿದು ಉರುಳುತ್ತದೆ. ಬಾಗಿಲ ದಾರಿಯಲ್ಲಿ ಯಾರು ತಮ್ಮವರನ್ನು ಕಾಯಿಸುತ್ತಾರೆ? ‘ದಿಕ್ಕಿಲ್ಲದ್ದು’ ಎಂದು ಅದಕ್ಕೆ ಹೆಸರಿಟ್ಟಿದ್ದೆವು. ಐದು ವರ್ಷದಲ್ಲಿ ನಾನು ಹೆಚ್ಚು ಬೈದದ್ದು ಅದನ್ನೇ. ಬಂದವರೆಲ್ಲ ಅಲ್ಲಿ ಜಾರುತ್ತಿದ್ದರು, ಜಾರಿದವರೆಲ್ಲ ನನ್ನನ್ನು ಬೈಯುತ್ತಿದ್ದರು. ಸೊಂಟ ಮುರಿಯುವಂತೆ ಒರೆಸಿ ಫಿನಾಯಿಲ್ ಹಾಕಿ ತಿರುಗುವಷ್ಟರಲ್ಲಿ ಮತ್ತೆ ಕೆರೆ. ಕೊನೆಗೆ ನಾನೇ ಪ್ರಯಾಣಿಕರಿಗೆ ಹೇಳಿಕೊಡತೊಡಗಿದೆ: ‘ನಂಗೆ ಬೈದು ಏನು ಪ್ರಯೋಜನ ಸಾರ್, ದೂರು ಪುಸ್ತಕದಲ್ಲಿ ಬರೀರಿ. ಬಾಗಿಲ ಹತ್ರ ಅಂತ ಜಾಗಾನೂ ಬರೀರಿ.’ ಬರೆದರು. ಐದು ವರ್ಷ ಬರೆದರು.

ಆ ದೂರುಗಳೆಲ್ಲ ಮೇಲಿನವರೆಗೆ ಹೋಗಿ, ಈ ಸಲ ಎಂಜಿನಿಯರರು ಮಳೆಗಾಲದ ಬದಲು ಮಾರ್ಚಿನ ಬಿಸಿಲಲ್ಲಿ ಬಂದರು. ಟೇಪು ಹಿಡಿದು ನಿಂತವರ ತಲೆಯ ಮೇಲೆ ಆರು ಕಡೆ ನೀರು ಬಿತ್ತು, ಅವರ ಫೈಲು ನೆನೆದು ಊದಿಕೊಂಡಿತು. ಏಪ್ರಿಲ್ ಮೊದಲ ವಾರಕ್ಕೆ ಆದೇಶ ಬಂತು. ಇಡೀ ಛಾವಣಿಗೆ ಹೊಸ ತಗಡಿನ ಶೀಟು, ಕೆಲಸ ಬಾಗಿಲ ಕಡೆಯಿಂದ ಶುರು. ಹಿಂದೊಮ್ಮೆ ಲಗೇಜು ಕೋಣೆಗೆ ಶೀಟು ಹಾಕಿದ್ದರು, ಅಲ್ಲಿ ಆಮೇಲೆ ಒಂದು ಹನಿಯೂ ಬೀಳಲಿಲ್ಲ. ಅಲ್ಲಿ ಬಕೆಟ್ಟು ಇಟ್ಟಿದ್ದ ತಾಯಿಯೊಬ್ಬಳು ಎಷ್ಟೋ ದಿನ ಬಂದು ಆ ಒಣ ಬಕೆಟ್ಟಿನ ಧೂಳು ಒರೆಸಿ ಹೋಗುತ್ತಿದ್ದಳು. ಹಾಗಾಗಿ ಆದೇಶ ಕೇಳಿದವರೆಲ್ಲ ಬಾಟಲಿ, ಡಬ್ಬ, ಉಪ್ಪಿನಕಾಯಿ ಜಾಡಿ ತಂದು ತಮ್ಮ ತಮ್ಮ ನೀರು ತುಂಬಿಕೊಂಡು ಹೋಗತೊಡಗಿದರು. ಮ್ಯಾನೇಜರ್ ಕೇದಾರಪ್ಪನವರು ನಮ್ಮೂರಿನವರೇ. ಅವರ ತಮ್ಮನ ಬಕೆಟ್ಟು ಅವರ ಮೇಜಿನ ಪಕ್ಕದಲ್ಲೇ ಇದೆ. ಅವರನ್ನು ಕೇಳಿದರೆ, ‘ಮೇಲಿಂದ ಬಂದಿದೆ ಕಣಮ್ಮ’ ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಆದೇಶ ಬರುವುದಕ್ಕೆ ವಾರದ ಮುಂಚೆಯೇ ನನ್ನ ಬಕೆಟ್ಟು ಒಣಗಲು ಶುರುವಾಗಿತ್ತು. ಎರಡು ಮೂರು ದಿನಕ್ಕೊಮ್ಮೆ ತಪ್ಪದೆ ಬೀಳುತ್ತಿದ್ದ ಹನಿ ಒಂದು ವಾರ ಬೀಳಲಿಲ್ಲ, ಎರಡು ವಾರ ಬೀಳಲಿಲ್ಲ. ನಮ್ಮಲ್ಲಿ ಬಕೆಟ್ಟು ಹೀಗೆ ಒಣಗಿದರೆ ಎರಡೇ ಅರ್ಥ. ಒಂದೋ ಅವರು ಆ ಊರು ಬಿಟ್ಟು ಮನೆಗೆ ಹೊರಟಿದ್ದಾರೆ, ಇಲ್ಲವೇ ಇನ್ನೆಂದೂ ಬರುವುದಿಲ್ಲ. ಜನ ನನ್ನ ಜೊತೆ ಮೆಲ್ಲಗೆ ಮಾತಾಡತೊಡಗಿದರು. ಯಾವಾಗಲೂ ಚಿಲ್ಲರೆಗೆ ಜಗಳವಾಡುವ ಹೂವಿನವಳು ಸುಮ್ಮನೆ ಒಂದು ಮೊಳ ಕೈಗಿಟ್ಟಳು. ಅದನ್ನು ಮುಡಿಯಬೇಕೋ ಬೇಡವೋ ತಿಳಿಯದೆ ಮಾಪಿನ ಕೋಲಿಗೆ ಸುತ್ತಿದೆ. ವಿಮಾನ ಇಳಿದಾಗಲೆಲ್ಲ ಕೆಲಸ ಬಿಟ್ಟು ಬರುವವರ ದಾರಿಯಲ್ಲಿ ನಿಲ್ಲುತ್ತಿದ್ದೆ. ಶಾಲೆಯಿಂದ ನೇರ ಬಂದ ಇಂಪನಾ ಪಕ್ಕದಲ್ಲಿ ನಿಂತು, ಗಡ್ಡ ಇರುವ ಪ್ರತಿಯೊಬ್ಬರನ್ನೂ ತೋರಿಸಿ ‘ಇವರಾ?’ ಎಂದು ಕೇಳುತ್ತಿದ್ದಳು. ಅವಳ ಅಪ್ಪನಿಗೆ ಗಡ್ಡವಿರಲಿಲ್ಲ, ಆದರೆ ಆರು ವರ್ಷದಲ್ಲಿ ಬಂದಿರಲೂಬಹುದು.

ಬಕೆಟ್ಟಿನ ತಳದಲ್ಲಿ ಎರಡು ಬೆರಳಷ್ಟು ನೀರು ಉಳಿದಿತ್ತು. ಆರಿಹೋಗದಿರಲೆಂದು ತಟ್ಟೆ ಮುಚ್ಚಿಟ್ಟಿದ್ದೆ.

ಆ ಶುಕ್ರವಾರ, ಏಪ್ರಿಲ್ ಹದಿನೆಂಟು, ಬೆಳಗಿನ ವಿಮಾನ ಇಳಿದ ಸ್ವಲ್ಪ ಹೊತ್ತಿಗೆ ಚಹಾ ಅಂಗಡಿಯ ದಸ್ತಗೀರ ಓಡಿ ಬಂದ. ಅವನ ತಾಯಿ ಖೈರುಬಿ ಮಗಳ ಮನೆಗೆಂದು ನನ್ನ ಗಂಡ ಹೋದ ವಿಮಾನದಲ್ಲೇ ಹೋಗಿದ್ದರು. ಅವರ ಬಕೆಟ್ಟು ಕಂಬದ ಬಳಿ ಇತ್ತು, ಅದು ಆರು ವರ್ಷದಲ್ಲಿ ಒಂದು ದಿನವೂ ಒದ್ದೆಯಾಗಿರಲಿಲ್ಲ.

‘ಅಕ್ಕಾ, ಅಮ್ಮ ಬಂದ್ಳು’ ಎಂದ. ಮುಖ ಅರಳಿತ್ತು, ಆದರೆ ನನ್ನನ್ನು ನೋಡಿ ಅರ್ಧಕ್ಕೆ ತಡೆದುಕೊಂಡ. ‘ಇಪ್ಪತ್ತು ದಿನ ದಾರೀಲೇ ಇದ್ದಳಂತೆ. ಮೂರು ಏರ್ಪೋರ್ಟಲ್ಲಿ ನೆಲದ ಮೇಲೆ ಮಲಗಿ ಬಂದಿದಾಳೆ. ಅಂಗಡಿ ಹತ್ರ ಬೆಂಚ್ ಮೇಲೆ ಕೂರಿಸಿದೀನಿ. ಪಾದಕ್ಕೆ ಹಾಕೋಕೆ...’

‘ನಿನ್ನ ಹತ್ರ ನೀರಿಲ್ಲ.’

‘ಎಲ್ಲಿಂದ ಬರ್ಬೇಕು ಅಕ್ಕಾ. ಅದು ಮರಳುಗಾಡು ಅಂತ ಭಾವ ಮದುವೆಗೆ ಬಂದಾಗ್ಲೇ ಹೇಳಿದ್ದ. ಬೇರೆಯವರೆಲ್ಲ ಬಾಟ್ಲಿಗೆ ತುಂಬ್ಕೊಂಡು ಹೋಗ್ಬಿಟ್ಟಿದಾರೆ. ನಲ್ಲಿ ನೀರು ಹಾಕಿ ಒಳಗೆ ಕರ್ಕೊಳ್ಳೋಕೆ ಮನಸ್ಸು ಬರ್ತಿಲ್ಲ. ಒಂದು ಲೋಟ ಸಾಕು. ಕೊಡಲ್ಲ ಅಂದ್ರೂ ಬೇಜಾರಿಲ್ಲ.’

ಕೊಡುವುದಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಅದು ನನಗೆ ಉಳಿದಿದ್ದ ಕೊನೆಯ ಎರಡು ಬೆರಳು ನೀರು. ಆದರೆ ಅವನು ಐದು ವರ್ಷದಿಂದ ದಿನಾ ಹತ್ತೂವರೆಗೆ ನನಗೆ ಚಹಾ ಇಟ್ಟುಕೊಡುತ್ತಿದ್ದಾನೆ, ಶುಂಠಿ ಜಾಸ್ತಿ ಹಾಕಿ. ತಟ್ಟೆ ತೆಗೆದು ಬಕೆಟ್ಟು ಬಗ್ಗಿಸಿದೆ. ಲೋಟ ಅವನ ಕೈಗೆ ಕೊಡಲು ಆಗಲಿಲ್ಲ. ನಾನೇ ಹಿಡಿದುಕೊಂಡು ಹೋದೆ.

ಖೈರುಬಿ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದರು. ಸಣ್ಣಗಾಗಿದ್ದರು, ಮೊಣಕಾಲು ಊದಿತ್ತು. ಬಗ್ಗಿ ಅವರ ಪಾದಕ್ಕೆ ನೀರು ಹಾಕಿದೆ. ಹಾಕುತ್ತಿದ್ದಂತೆ ಅವರು ಮೂಗರಳಿಸಿದರು. ಪಾದದ ಮೇಲಿನ ನೀರನ್ನು ಬೆರಳಿಂದ ತೆಗೆದು ನಾಲಿಗೆಗಿಟ್ಟುಕೊಂಡರು.

‘ಇದು ನಮ್ಮ ಸಕೀನಾ ಮನೆ ಮಳೆ’ ಎಂದರು.

‘ಅಮ್ಮಾ, ಅದು ದಾಕ್ಷಕ್ಕನ ಬಕೆಟ್ಟಿಂದು’ ಎಂದ ದಸ್ತಗೀರ.

‘ಯಾರ ಬಕೆಟ್ಟಾದ್ರೆ ಏನೋ. ಹಿಂದೆ ಮೀನು ಒಣ ಹಾಕೋ ಅಂಗಳ, ಮುಂದೆ ದೋಣಿ ಎಂಜಿನ್ ರಿಪೇರಿ. ಮಳೆ ಬಂದಾಗೆಲ್ಲ ಮೀನು ಒಳಗೆ ಎಳೆದು ಎಳೆದು ಮೊಣಕಾಲು ಹೋಯ್ತು ನಂದು. ಈ ವಾಸನೆ ನಂಗೆ ಗೊತ್ತಾಗಲ್ವಾ?’

‘ಅಲ್ಲಿ ಬರೀ ಮರಳು ಅಂದಿದ್ದ ಭಾವ.’

‘ಮರಳೇ. ಸಮುದ್ರದ ದಂಡೆ ಮರಳು. ನಿನ್ನ ಭಾವ ಯಾವತ್ತು ಪೂರ್ತಿ ಮಾತು ಹೇಳಿದಾನೆ?’

ನನ್ನ ಕೈಯಲ್ಲಿ ಖಾಲಿ ಲೋಟವಿತ್ತು. ‘ಅಮ್ಮಾ, ಹೋಗೋ ದಿನ ನೀವು ಎಲ್ಲಿ ಕೂತಿದ್ರಿ?’ ಎಂದು ಕೇಳಿದೆ.

‘ಇವನು ನನ್ನ ಚಕ್ರದ ಕುರ್ಚೀಲಿ ಕಂಬದ ಹತ್ರ ಕೂರಿಸಿ, ಹಾಲು ಉಕ್ತಿದೆ ಅಂತ ಓಡ್ದ. ಇವನು ಹೋಗೋದೇ ತಡ, ಕುರ್ಚಿ ಚಕ್ರ ಕಳಚಿ ನಾನು ವಾಲಿಕೊಂಡೆ. ಆಗ ಎದ್ದು ಬಂದು ಹಿಡ್ಕೊಂಡಿದ್ದು ನಿನ್ನ ಗಂಡಾನೇ ಅಲ್ವೇನೇ, ಬೋರ್ಡು ಬರೆಯೋ ಹುಡುಗ. ತನ್ನ ಕುರ್ಚೀಲಿ ನನ್ನ ಕೂರಿಸ್ದ. ಬೇಡ ಕಣಪ್ಪ, ನಿಮ್ಮೋರು ಆ ಕುರ್ಚಿ ನೋಡಿಟ್ಕೊಂಡಿರ್ತಾರೆ ಅಂದೆ. ಕೇಳಲಿಲ್ಲ.’

‘ಆಮೇಲೆ ಅವರು ಎಲ್ಲಿ ಕೂತ್ರು?’

‘ಎಲ್ಲಿ ಕೂರ್ತಾನೆ? ಬಾಗಿಲ ಹತ್ರ ಹೋಗಿ ಗಾಜಿಗೆ ಹಣೆ ಹಚ್ಕೊಂಡು ನಿಂತ. ಒಳಗೆ ಬರೋರೆಲ್ಲ ಬಾಗಿಲು ತಳ್ಳಿ ತಳ್ಳಿ ಅವನಿಗೆ ಬಡಿದ್ರು, ಕದಲಲಿಲ್ಲ. ಎರಡು ಸಲ ಹೆಸರು ಕೂಗಿದ್ರು. ಮೂರನೇ ಸಲ ಒಬ್ಬ ಬಂದು ತೋಳು ಹಿಡಿದು ಎಳ್ಕೊಂಡು ಹೋದ. ನಾನು ಅಂದ್ಕೊಂಡೆ, ಹೆಂಡ್ತಿ ಹತ್ರ ಜಗಳ ಆಗಿರ್ಬೇಕು ಅಂತ.’

ಎದ್ದು ಬಂದೆ. ಏನು ಹೇಳಿ ಬಂದೆನೋ ನೆನಪಿಲ್ಲ. ಗಾಜಿನ ಬಾಗಿಲಿನ ಒಳಗೆ, ರೆಕ್ಕೆ ಬಂದು ನಿಲ್ಲುವ ಜಾಗದಲ್ಲಿ, ನಾನೇ ಬೆಳಿಗ್ಗೆ ಒರೆಸಿದ ನೆಲ ಹೊಳೆಯುತ್ತಿತ್ತು. ಫಿನಾಯಿಲ್ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಐದು ವರ್ಷ ಆ ನೀರನ್ನು ನಾನು ಹಿಂಡಿ ಮೋರಿಗೆ ಸುರಿದಿದ್ದೆ. ಒಂದು ಸಲವೂ ಮೂಸಿ ನೋಡಿರಲಿಲ್ಲ.

ಒಣಗಿದ್ದು ಖೈರುಬಿಯ ಮಳೆ, ನನ್ನ ಗಂಡನದಲ್ಲ. ಹಾಗಾದರೆ ಅವರು ಇದ್ದಾರೆ. ಹಾಗೆಂದುಕೊಂಡು ಸಮಾಧಾನ ಪಡುವಷ್ಟರಲ್ಲಿ ಇನ್ನೊಂದು ನೆನಪಾಯಿತು. ಬಾಗಿಲ ಬಳಿಯೂ ನೀರು ಬಿದ್ದು ತಿಂಗಳುಗಳಾಗಿದ್ದವು. ಚಳಿಗಾಲದಲ್ಲಿ ಅದು ನಿಲ್ಲುತ್ತಿತ್ತು, ನಿಂತಾಗಲೆಲ್ಲ ಸದ್ಯ ಎಂದುಕೊಳ್ಳುತ್ತಿದ್ದೆ. ಯಾವಾಗ ನಿಂತಿತು, ಯಾವಾಗ ಶುರುವಾಗಬೇಕು ಎಂದು ಯಾವತ್ತೂ ಗಮನಿಸಿರಲಿಲ್ಲ. ಆದರೆ ಗಮನಿಸಿ ಬರೆದಿಟ್ಟವರಿದ್ದರು.

ಕೇದಾರಪ್ಪನವರ ಕೋಣೆಗೆ ಹೋಗಿ ದೂರು ಪುಸ್ತಕ ಕೇಳಿದೆ. ‘ನಿನ್ನ ಮೇಲೂ ಯಾರಾದ್ರೂ ಬರೆದಿದಾರಾ?’ ಎಂದರು. ವಿಷಯ ಹೇಳಿದೆ. ಅವರು ಬೀರು ತೆರೆದು ಹಳೆಯ ಪುಸ್ತಕಗಳನ್ನೂ ಸೇರಿಸಿ ಮೇಜಿನ ಮೇಲೆ ಇಟ್ಟು, ತಮ್ಮ ಕುರ್ಚಿಯನ್ನೇ ನನಗೆ ಬಿಟ್ಟು ಹೊರಗೆ ಹೋದರು.

ಗೊತ್ತಿಲ್ಲದ ಊರುಗಳ ಗೊತ್ತಿಲ್ಲದ ಜನ ಸಿಟ್ಟಿನಲ್ಲಿ ಬರೆದ ಪುಟಗಳು. ಒಬ್ಬರು ಎಷ್ಟು ಒತ್ತಿ ಬರೆದಿದ್ದರೆಂದರೆ ಹಾಳೆ ಹರಿದಿತ್ತು. ‘ಮುಖ್ಯ ಬಾಗಿಲ ಒಳಗೆ ಜಾರಿ ಬಿದ್ದೆ. ನಿಮಗೆ ನಾಚಿಕೆಯಾಗಬೇಕು. ಜುಲೈ 9.’ ‘ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ಸೋರುತ್ತಿದೆ. ಜುಲೈ 10.’ ‘ನೀರು ಮಂಜಿನಷ್ಟು ತಣ್ಣಗಿದೆ, ನನಗೆ ಶೀತವಾದರೆ ಯಾರು ಹೊಣೆ?’ ‘ಕಟ್ಟಡದ ಒಳಗೆ ಆಲಿಕಲ್ಲು ಬಿದ್ದು ನನ್ನ ಕನ್ನಡಕ ಒಡೆದಿದೆ. ಇದನ್ನು ಓದುವವರು ನಂಬಲಿಕ್ಕಿಲ್ಲ, ಆದರೂ ಬರೆಯುತ್ತಿದ್ದೇನೆ.’ ಒಬ್ಬ ಹೆಂಗಸು ಹೀಗೆ ಬರೆದಿದ್ದಳು: ‘ಬಾಗಿಲ ಬಳಿ ಸೋರುತ್ತದೆ. ನಿಂಬೆ ಎಲೆ ಹಿಸುಕಿದಂಥ ವಾಸನೆ. ದೂರೇನಿಲ್ಲ.’

ಅಷ್ಟು ವರ್ಷದ ಮಳೆಯನ್ನು ಒಂದೇ ಪಟ್ಟಿಗೆ ಕೂತು ಓದಿದೆ. ಅದು ಸಮುದ್ರದ ಊರಲ್ಲ. ಚಳಿಯ ಊರು, ಗುಡ್ಡದ ಊರಿರಬೇಕು. ಸಮುದ್ರದ ಸೆಕೆಯಲ್ಲಿ ಬೆವರುತ್ತಿದ್ದಾರೆಂದು ನಾನು ಮರುಗಿದ ವರ್ಷಗಳಲ್ಲೆಲ್ಲ ಅವರು ಎಲ್ಲೋ ಕೈ ಉಜ್ಜಿಕೊಂಡು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಅವರ ಸ್ವೆಟರ್ ನಮ್ಮ ಮನೆಯ ಮೊಳೆಯಲ್ಲೇ ತೂಗುತ್ತಿದೆ. ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡೆ. ಪ್ರತಿವರ್ಷ ನವೆಂಬರ್ ಕೊನೆಗೆ ದೂರು ನಿಲ್ಲುತ್ತಿತ್ತು. ಮತ್ತೆ ಮೊದಲ ದೂರು ಏಪ್ರಿಲ್ 19, 21, 17, 20, 22. ಇವತ್ತು ಹದಿನೆಂಟು. ಸೋಮವಾರ ಇಪ್ಪತ್ತೊಂದಕ್ಕೆ ಶೀಟು ಹಾಕಲು ಶುರು. ನಡುವೆ ಇದ್ದದ್ದು ಎರಡೇ ದಿನ. ಅಷ್ಟರಲ್ಲಿ ಸೋರಿದರೆ ಅವರು ಇದ್ದಾರೆ ಎಂದು ತಿಳಿಯುತ್ತದೆ, ಮಗಳಿಗೆ ಒಂದು ಬಕೆಟ್ಟು ನೀರಾದರೂ ಸಿಗುತ್ತದೆ. ಸೋರದಿದ್ದರೆ ಆಮೇಲೆ ಇದ್ದಾರೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಬರೀರಿ, ಬರೀರಿ ಎಂದು ಎಲ್ಲರ ಕೈಗೆ ಪೆನ್ನು ಕೊಟ್ಟವಳು ನಾನೇ.

ಆ ಸಂಜೆ ಇಂಪನಾಳಿಗೆ ಹೇಳಿದೆ. ಫಾಲ್ಸ್ ಹಚ್ಚುತ್ತಾ ಹೇಳಿದೆ, ಮುಖ ನೋಡಿ ಹೇಳಲು ಧೈರ್ಯವಿರಲಿಲ್ಲ.

‘ಹಾಗಾದ್ರೆ ಹಡಗು?’

‘ಹಡಗಿಲ್ಲ ಪುಟ್ಟಿ.’

‘ಸಮುದ್ರಾನೂ ಇಲ್ವಾ?’

‘ಇಲ್ಲ.’

ಅವಳು ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ದಿಂಬಿಗೆ ಚುಚ್ಚಿದಳು. ಇನ್ನೊಂದು ಸೂಜಿ ತೆಗೆದುಕೊಂಡಳು. ‘ಮತ್ತೆ ಅಲ್ಲಿ ಏನಿದೆ?’

‘ಆಲಿಕಲ್ಲಿದೆ. ನಿಂಬೆ ಗಿಡ ಇರ್ಬೇಕು.’

‘ಆಲಿಕಲ್ಲು ಹೆಂಗೆ ಬಿಡಿಸೋದು?’ ಎಂದು ಕೇಳಿದಳು. ಇಬ್ಬರೂ ಸೇರಿ ಹಾಳೆಯ ತುಂಬ ಸೊನ್ನೆ ಬರೆದೆವು. ಅದರ ನಡುವೆ ಏಣಿಯ ಮೇಲೆ ಅಪ್ಪ, ಈ ಸಲ ತಲೆಗೆ ಟೋಪಿ.

ಶನಿವಾರ ಸೋರಲಿಲ್ಲ. ಮಧ್ಯಾಹ್ನ ಲಾರಿಯಲ್ಲಿ ಶೀಟುಗಳು ಬಂದವು. ಕೆಲಸದವರು ಅವನ್ನು ಹೊರಗೋಡೆಗೆ ಒರಗಿಸಿ, ಬಿಸಿಲಿಗೆ ಕಣ್ಣು ಕುಕ್ಕುತ್ತದೆಂದು ಗೋಣಿ ಮುಚ್ಚಿದರು. ನಾನು ಬಾಗಿಲ ಬಳಿ ಬಕೆಟ್ಟು ಇಟ್ಟೆ, ಬಾಗಿಲು ಬಡಿದು ಉರುಳಿತು. ಮತ್ತೆ ಇಟ್ಟೆ. ಮೂರನೇ ಸಲ ಉರುಳಿದಾಗ ಕೇದಾರಪ್ಪನವರು ಬಂದು ನಿಂತು ನೋಡಿದರು.

‘ಒಂದು ರೆಕ್ಕೆಗೆ ಬೀಗ ಹಾಕಿಬಿಡೋಣ ದಾಕ್ಷಾಯಿಣಮ್ಮ. ಕೆಟ್ಟಿದೆ ಅಂತ ಒಂದು ಚೀಟಿ ಅಂಟಿಸು. ನಮ್ಮ ಏರ್ಪೋರ್ಟಲ್ಲಿ ಕೆಟ್ಟಿದೆ ಅಂದ್ರೆ ಯಾರಿಗೂ ಅನುಮಾನ ಬರಲ್ಲ.’

ಭಾನುವಾರ ನನಗೆ ರಜೆ. ಮಗಳನ್ನು ಕರೆದುಕೊಂಡು ಬೆಳಿಗ್ಗೆ ಎಂಟಕ್ಕೇ ಬಂದೆ. ಅವಳು ಗಾಜಿನ ಹೊರಗೆ ಬೆಂಚಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತಳು, ನಾನು ಒಳಗೆ ಬಕೆಟ್ಟಿನ ಪಕ್ಕದಲ್ಲಿ ನಿಂತೆ. ಹೊರಗೆ ಉರಿಬಿಸಿಲು. ಇರುವ ಒಂದೇ ರೆಕ್ಕೆಯಲ್ಲಿ ನುಗ್ಗಿ ಬರುತ್ತಿದ್ದ ಜನ ನನ್ನನ್ನೂ ಬಕೆಟ್ಟನ್ನೂ ಬೈದುಕೊಂಡು ದಾಟುತ್ತಿದ್ದರು. ‘ಅರ್ಧ ಬಾಗಿಲಲ್ಲಿ ಏರ್ಪೋರ್ಟ್ ನಡೆಸ್ತಾರಲ್ಲಪ್ಪ ಇವರು’ ಎಂದರು ಒಬ್ಬರು. ‘ಅರ್ಧ ವಿಮಾನ ಕೊಡದಿದ್ರೆ ಸಾಕು’ ಎಂದರು ಅವರ ಹಿಂದಿದ್ದವರು. ಹತ್ತೂವರೆಗೆ ದಸ್ತಗೀರ ಚಹಾ ತಂದುಕೊಟ್ಟು, ಮೇಲೆ ಒಮ್ಮೆ ನೋಡಿ ಹೋದ. ಹನ್ನೆರಡಾಯಿತು. ಒಂದಾಯಿತು. ಹೊರಗೆ ಶೀಟಿನವರು ಏಣಿ ತಂದು ಗೋಡೆಗೆ ಅಳತೆ ನೋಡಿ ಹೋದರು.

ಎರಡು ಗಂಟೆಗೆ ಕಾಲು ಸೋತು ನೆಲದ ಮೇಲೆ ಕೂತೆ. ಕೂತವಳ ಕೈಯ ಮೇಲೆ ಏನೋ ತಣ್ಣಗೆ ತಗುಲಿತು. ಬೆವರೆಂದುಕೊಂಡೆ. ಇನ್ನೊಂದು ಬಿತ್ತು, ಬಕೆಟ್ಟಿನೊಳಗೆ. ಖಾಲಿ ಬಕೆಟ್ಟಿನಲ್ಲಿ ಬಿದ್ದ ಆ ಸದ್ದಿಗೆ ಇಂಪನಾ ಗಾಜಿನ ಆಚೆಯಿಂದ ತಲೆ ಎತ್ತಿದಳು. ಅವಳಿಗೆ ಕೇಳಿಸಿರಲಾರದು, ನನ್ನ ಮುಖ ನೋಡಿರಬೇಕು.

ಎದ್ದು ನಿಂತೆ. ಮೂರು, ನಾಲ್ಕು, ಆಮೇಲೆ ಎಣಿಸಲಾಗದಷ್ಟು. ನಿಂಬೆ ಎಲೆಯ ವಾಸನೆ ಫಿನಾಯಿಲ್ ವಾಸನೆಯನ್ನು ತಳ್ಳಿಕೊಂಡು ಬಂತು. ಅವರು ನಿಂತಿದ್ದ ಹಾಗೆ ನಿಲ್ಲಬೇಕೆನಿಸಿ ಬಕೆಟ್ಟು ಸ್ವಲ್ಪ ಸರಿಸಿ, ಗಾಜಿಗೆ ಹಣೆ ಹಚ್ಚಿದೆ. ಐದು ವರ್ಷ ಆ ಜಾಗದಲ್ಲಿ ಬಗ್ಗಿಯೇ ಇದ್ದವಳು, ಒಮ್ಮೆಯೂ ನೆಟ್ಟಗೆ ನಿಂತು ಹೊರಗೆ ನೋಡಿರಲಿಲ್ಲ. ನಾಲ್ಕನೇ ಸಾಲಿನ ಕುರ್ಚಿಯಿಂದ ಕಾಣದ ಒಂದು ಬಾಗಿಲು ಇಲ್ಲಿಂದ ನೇರ ಕಾಣುತ್ತಿತ್ತು. ಹೆಂಗಸರ ಶೌಚಾಲಯದ ಬಾಗಿಲು. ದಾರ ಕಟ್ಟಿದ, ತಳದಲ್ಲಿ ತುಕ್ಕು ಹಿಡಿದ, ಆವತ್ತು ನಾನು ಮಗುವನ್ನೆತ್ತಿಕೊಂಡು ಓಡಿ ಒಳಗೆ ಹೋಗಿದ್ದ ಅದೇ ಬಾಗಿಲು. ಮೂರು ಸಲ ಹೆಸರು ಕೂಗುವ ತನಕ ಅವರು ಅದನ್ನೇ ನೋಡುತ್ತಾ ನಿಂತಿದ್ದರು. ನಾನು ಆ ಹೊತ್ತಿನಲ್ಲಿ ಯಾರದೋ ಬಾಟಲಿಯ ನೀರಿಗೆ ಕೈ ಚಾಚಿದ್ದೆ.

ಕೇದಾರಪ್ಪನವರು ಯಾವಾಗ ಹೊರಗೆ ಹೋದರೋ, ಇಂಪನಾಳ ಕೈ ಹಿಡಿದು ಒಳಗೆ ಕರೆತಂದರು. ಕಾವಲಿನವನು ತಡೆದಾಗ ‘ಇವತ್ತು ಇವಳೂ ಸ್ಟಾಫೇ ಕಣಯ್ಯ’ ಎಂದದ್ದು ಕೇಳಿಸಿತು. ಅವಳು ಬಂದು ನನ್ನ ಪಕ್ಕದಲ್ಲಿ ಬಾಯಿ ತೆರೆದು ನಿಂತಳು. ‘ಅಮ್ಮಾ, ಹಲ್ಲು ಜುಂ ಅಂತಿದೆ’ ಎಂದಳು. ಪ್ರತಿ ಹುಟ್ಟುಹಬ್ಬಕ್ಕೂ ಸಮುದ್ರದ ಮಳೆ ಕಂಡಿದ್ದ ಅವಳ ಕೂದಲಿನ ಮೇಲೆ ನೀರು ಇಳಿದು, ಜಡೆಯ ತುದಿಯಿಂದ ಬಕೆಟ್ಟಿಗೆ ಬೀಳುತ್ತಿತ್ತು. ಇಬ್ಬರೂ ನಡುಗುತ್ತಿದ್ದೆವು. ಹಿಂದೆ ಯಾರೋ ಕೂಗುತ್ತಿದ್ದರು. ಪೆಟ್ಟಿಗೆ ಬಿದ್ದ ಸದ್ದಾಯಿತು. ‘ಏನಮ್ಮಾ, ಒರೆಸ್ಬಾರ್ದಾ? ಏನಮ್ಮಾ, ನಿಂಗೇ ಹೇಳ್ತಿರೋದು.’ ನಾನು ಆ ಬಾಗಿಲನ್ನೇ ನೋಡುತ್ತಿದ್ದೆ.

ಮುಕ್ಕಾಲು ಗಂಟೆ ಸುರಿದು ಮಳೆ ನಿಂತಿತು. ಬಕೆಟ್ಟು ಕೆಂಪು ಅಕ್ಷರಗಳವರೆಗೆ ತುಂಬಿತ್ತು.

ಅಷ್ಟರಲ್ಲಿ ಆ ಪ್ರಯಾಣಿಕರು ಕೇದಾರಪ್ಪನವರ ಕೋಣೆಯಲ್ಲಿ ಕೂತು ದೂರು ಬರೆದು ತಮ್ಮ ವಿಮಾನಕ್ಕೆ ಹೋಗಿದ್ದರು. ಕೇದಾರಪ್ಪನವರು ನನ್ನನ್ನು ಕರೆದು ಪುಸ್ತಕ ತಿರುಗಿಸಿ ಮುಂದಿಟ್ಟರು. ‘ಏಪ್ರಿಲ್ 20, ಮಧ್ಯಾಹ್ನ 2.10. ಮುಖ್ಯ ಬಾಗಿಲ ಬಳಿ ಛಾವಣಿಯಿಂದ ನೀರು ಸುರಿಯುತ್ತಿದೆ. ಅರ್ಧ ಬಾಗಿಲು ಕೆಟ್ಟಿದೆ. ನಾನು ಜಾರಿ ಬಿದ್ದಿದ್ದೇನೆ. ನೆಲ ಒರೆಸುವ ಹೆಂಗಸು ಒರೆಸದೆ, ಒಂದು ಮಗುವನ್ನೂ ಜೊತೆಗಿಟ್ಟುಕೊಂಡು, ಆ ನೀರಿನ ಕೆಳಗೇ ನಿಂತಿದ್ದಳು. ಮೂರು ಸಲ ಕರೆದರೂ ತಿರುಗಿ ನೋಡಲಿಲ್ಲ.’

ಪ್ರತಿ ದೂರಿನ ಕೆಳಗೆ ಸಂಬಂಧಪಟ್ಟ ಸಿಬ್ಬಂದಿಯ ಸಹಿಗೆಂದು ಒಂದು ಗೆರೆ ಇರುತ್ತದೆ. ಕೇದಾರಪ್ಪನವರು ಪೆನ್ನು ಕೊಟ್ಟರು. ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ನನ್ನ ಕೂದಲಿನಿಂದ ಒಂದು ಹನಿ ಜಾರಿ ಆ ಸಾಲುಗಳ ಮೇಲೆ ಬಿತ್ತು. ಒರೆಸಲಿಲ್ಲ.